ಮೊಮ್ಮಗನ ಸಾಕು ಹಲ್ಲಿಗೆ ಮನೆಯಲ್ಲೇ ಹುಳು

ಶಿಡ್ಲಘಟ್ಟದ ಕಡೆ ಹುಟ್ಟಿ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುವಿಗೇ ಜಾಗ ಜಾಸ್ತಿ. ಈಗ ಟೆಕ್ಸಾಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗ ಲೆಪರ್ಡ್ ಗೆಕ್ಕೊ ಸಾಕಿದ್ದಾನೆ. ಚುಕ್ಕೆ ಮೈಯ, ದಪ್ಪ ಬಾಲದ ಹಲ್ಲಿ. ಸೊಪ್ಪು ಮುಟ್ಟುವುದಿಲ್ಲ, ಅದಕ್ಕೆ ಓಡಾಡುವ ಹುಳುವೇ ಬೇಕು. ಅದಕ್ಕೇ ಮೀಲ್‌ವರ್ಮ್, ಅಂದರೆ ಹಿಟ್ಟಿನಲ್ಲಿ ಬೆಳೆಯುವ ಒಂದು ಜೀರುಂಡೆಯ ಮರಿಹುಳು, ಸಾಕಲು ಶುರು ಮಾಡಿದೆ.

ಮೊದಲ ಡಬ್ಬಿ ಕೆಟ್ಟುಹೋಯಿತು. ರೇಷ್ಮೆ ಹುಳುವಿಗೆ ಹಾಕಿದ ಹಾಗೆ ಹಸಿ ಸೊಪ್ಪು ರಾಶಿ ಹಾಕಿಬಿಟ್ಟಿದ್ದೆ. ವಾರದಲ್ಲಿ ಬೂಷ್ಟು, ಜೊತೆಗೆ ಕಣ್ಣಿಗೂ ಸರಿಯಾಗಿ ಕಾಣದ ಬಿಳಿ ನುಸಿ. ಮೀಲ್‌ವರ್ಮ್ ಹಿಟ್ಟಿನ ಹುಳು. ಒಣಗಿದ್ದರೇ ಅದಕ್ಕೆ ಸುಖ. ಎರಡು ಇಂಚು ಗೋಧಿ ಬೂಸಾ ಹಾಕಿ, ಮೇಲೆ ಕ್ಯಾರೆಟ್ಟಿನ ನಾಲ್ಕು ಹೋಳು ಇಡಿ. ನೀರು ಅದರಿಂದಲೇ ಸಿಗುತ್ತದೆ. ಎರಡು ದಿನಕ್ಕೊಮ್ಮೆ ಹಳೆಯದು ತೆಗೆದು ಹೊಸದು. ಬಟ್ಟಲಲ್ಲಿ ನೀರಿಡಬೇಡಿ, ಚಿಮುಕಿಸಲೂಬೇಡಿ. ಗಾಳಿಯಾಡಲು ಮುಚ್ಚಳ ಕತ್ತರಿಸಿ ಲೋಹದ ಜಾಲರಿ ಹಾಕಿ.

ಡಬ್ಬಿ ಮೂರು ಬೇಕು. ಒಂದರಲ್ಲಿ ಹುಳು, ಒಂದರಲ್ಲಿ ಕೋಶ (ಹುಳು ಜೀರುಂಡೆಯಾಗುವ ಮುಂಚಿನ ಹಂತ), ಇನ್ನೊಂದರಲ್ಲಿ ಕಪ್ಪು ಜೀರುಂಡೆ. ಬೇರೆ ಮಾಡದಿದ್ದರೆ ಹುಳು ಕೋಶವನ್ನು ಕಚ್ಚುತ್ತದೆ, ಜೀರುಂಡೆ ತನ್ನ ಮೊಟ್ಟೆಯನ್ನೇ ತಿನ್ನುತ್ತದೆ. ಎರಡು ಮೂರು ವಾರಕ್ಕೊಮ್ಮೆ ಜೀರುಂಡೆಗಳನ್ನು ಹೊಸ ಬೂಸಾಕ್ಕೆ ಎತ್ತಿ ಹಾಕಿ. ಹಳೆಯ ಬೂಸಾ ಎಸೆಯಬೇಡಿ, ಮೊಟ್ಟೆ ಇರುವುದು ಅದರಲ್ಲೇ. ಮರಿ ನೂಲಿನ ಎಳೆಯಷ್ಟಿರುತ್ತದೆ. ಕಾಣಲಿಲ್ಲ ಅಂತ ಬೇಸರ ಬೇಡ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಎರಡೂವರೆ ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಜಾಸ್ತಿಯಾದರೆ ಫ್ರಿಜ್ಜಿನಲ್ಲಿಡಿ, ಬೆಳವಣಿಗೆ ನಿಧಾನವಾಗುತ್ತದೆ. ವಾರಕ್ಕೊಮ್ಮೆ ಒಂದು ದಿನ ಹೊರಗಿಟ್ಟು ಕ್ಯಾರೆಟ್ ತಿನ್ನಿಸಿದರೆ ಸಾಕು.

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ರೇಷ್ಮೆಗೆ ನಾಲ್ಕೇ ಜ್ವರ, ಇದಕ್ಕೆ ಎಷ್ಟೋ. ಆಗ ತಾನೇ ಪೊರೆ ಬಿಟ್ಟ ಹುಳು ಬೆಳ್ಳಗೆ, ಮೆತ್ತಗಿರುತ್ತದೆ. ಹಲ್ಲಿಗೆ ಮೊದಲು ಅದನ್ನೇ ಆರಿಸಿ ಕೊಡಿ, ಬೇಗ ಅರಗುತ್ತದೆ.

ಹುಳುವಿನ ಹೊಟ್ಟೆಯಲ್ಲಿದ್ದದ್ದೇ ತಾನೆ ಹಲ್ಲಿಯ ಹೊಟ್ಟೆಗೂ ಹೋಗುವುದು? ಹಾಗಾಗಿ ಕೊಡುವ ಹಿಂದಿನ ದಿನ ಹುಳುವಿಗೆ ಒಳ್ಳೆಯ ತರಕಾರಿ ಹಾಕಿ. ಆಮೇಲೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿಯೇ ಕೊಡಿ. ಈ ಹುಳುವಿನಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ. ಪುಡಿ ತಪ್ಪಿಸುತ್ತಾ ಹೋದರೆ ಹಲ್ಲಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಮೂಕ ಪ್ರಾಣಿ, ನೋವು ಅಂತ ಹೇಳಲಾರದು. ಪಾಪ ಅಲ್ವಾ?

ಆಗೊಮ್ಮೆ ಈಗೊಮ್ಮೆ ಅಂಗಡಿಯಲ್ಲಿ ಸಿಗುವ, ಮಿಡತೆಯಂಥ ಕ್ರಿಕೆಟ್ ಹುಳುವನ್ನೂ ಕೊಡುತ್ತೇವೆ. ತಿಂದು ಉಳಿದದ್ದನ್ನು ಪೆಟ್ಟಿಗೆಯಲ್ಲಿ ಬಿಡಬೇಡಿ, ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ. ತೋಟದಲ್ಲಿ ಹಿಡಿದ ಹುಳುವಂತೂ ಬೇಡವೇ ಬೇಡ. ಔಷಧಿ ಹೊಡೆದಿರಬಹುದು. ಮಿಂಚುಹುಳು ಒಂದೇ ಒಂದು ತಿಂದರೂ ಹಲ್ಲಿಯ ಜೀವ ಹೋಗಬಹುದು.

ಡಬ್ಬಿಯ ಅಡಿಯಲ್ಲಿ ಮರಳಿನಂಥ ಹಿಕ್ಕೆ ಸೇರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಣ್ಣ ಜರಡಿಯಲ್ಲಿ ಜಾಲಿಸಿ, ಆ ಧೂಳು ಕೆಲವರಿಗೆ ಅಲರ್ಜಿ. ನಮ್ಮ ಮನೆಯಲ್ಲಿ ಅದು ಕರಿಬೇವಿನ ಕುಂಡಕ್ಕೆ ಹೋಗುತ್ತದೆ.