ಚಳಿಗಾಲಕ್ಕೆ ಬಣ್ಣದ ಬಟ್ಟೆ: ಸ್ಕಾರ್ಫ್‌ನಿಂದ ಶುರು ಮಾಡಿ

ಚಳಿ ಬಂತು ಅಂದರೆ ಸಾಕು, ಎಲ್ಲಿ ನೋಡಿದರೂ ಕಪ್ಪು, ಬೂದು, ನೇವಿ ಬ್ಲೂ. ಮೊದಲೇ ಬಿಸಿಲು ಕಮ್ಮಿ, ಅದರ ಮೇಲೆ ನಾವೂ ಮಂಕಾಗಿ ಓಡಾಡಬೇಕಾ? ನನಗಂತೂ ಅದು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಮೈಮೇಲೆ ಇರುವುದು ಎರಡೋ ಮೂರೋ ಬಟ್ಟೆ. ಚಳಿಗಾಲದಲ್ಲಿ ಟೋಪಿ, ಸ್ಕಾರ್ಫ್, ಕೈಗವಸು, ಸ್ವೆಟರ್, ಕೋಟು, ದಪ್ಪ ಕಾಲುಚೀಲ ಅಂತ ಏಳೆಂಟಾಗುತ್ತವೆ. ಬಣ್ಣ ಸೇರಿಸೋಕೆ ಇಷ್ಟು ಜಾಗ ಬೇರೆ ಯಾವಾಗ ಸಿಗುತ್ತದೆ ಹೇಳಿ.

ಮೊದಲು ಬೆಚ್ಚಗಿರುವ ವಿಷಯ ನೋಡಿಬಿಡೋಣ. ನಡುಗುತ್ತಾ ಮುದುಡಿಕೊಂಡು ನಿಂತರೆ ಎಂಥ ಚೆಂದದ ಬಣ್ಣವೂ ಕಾಣುವುದಿಲ್ಲ.

ಸ್ವೆಟರ್‌ನಲ್ಲಿ ಶಾಖ ಇರುವುದಿಲ್ಲ, ಶಾಖ ಇರುವುದು ನಮ್ಮ ಮೈಯಲ್ಲಿ. ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ ಆ ಶಾಖವನ್ನು ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಆದ್ದರಿಂದ ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡರೆ ಎಷ್ಟೋ ಸಲ ಹೆಚ್ಚು ಬೆಚ್ಚಗಿರುತ್ತದೆ, ಎರಡರ ನಡುವೆ ಇನ್ನೊಂದಿಷ್ಟು ಗಾಳಿ ನಿಲ್ಲುತ್ತದಲ್ವಾ. ತೀರಾ ಬಿಗಿ ಮಾಡಿದರೆ ಆ ಗಾಳಿಗೆ ಜಾಗವೇ ಇರುವುದಿಲ್ಲ. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಹಾಕಿಕೊಂಡರೂ ಬೆರಳು ಮರಗಟ್ಟುವುದಕ್ಕೆ ಇದೂ ಒಂದು ಕಾರಣ.

ಮೈಗೆ ತಾಗುವ ಬಟ್ಟೆ ಬೆವರನ್ನು ಹಿಡಿದಿಟ್ಟುಕೊಳ್ಳಬಾರದು. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಗೆ ಅಂಟಿಕೊಂಡು ಇನ್ನಷ್ಟು ಚಳಿ ಹತ್ತಿಸುತ್ತದೆ. ಜಾಸ್ತಿ ನಡೆಯುವವರಾದರೆ ಥರ್ಮಲ್ ಒಳಉಡುಪು ಅಥವಾ ಮೆರಿನೋ ಅನ್ನುವ ತಳಿಯ ಕುರಿಯ ತೆಳು ಉಣ್ಣೆ ಒಳ್ಳೆಯದು. 100 ಗ್ರಾಂ ಉಣ್ಣೆ ಸುಮಾರು 30 ಗ್ರಾಂ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ‘ಉಣ್ಣೆ ಅಂದರೆ ಮೈ ಚುಚ್ಚುತ್ತದೆ’ ಅನ್ನುವವರು ಮೆರಿನೋ ಒಮ್ಮೆ ಹಾಕಿ ನೋಡಿ. ಅದರ ಎಳೆ ತುಂಬಾ ಸಣ್ಣ, ಮೈಗೆ ತಾಗಿದರೆ ಬಾಗುತ್ತದೆ. ಚುಚ್ಚುವುದು ಒರಟು ಉಣ್ಣೆಯ ದಪ್ಪ ಎಳೆ. ಮೇಲೆ ಗಾಳಿ ತಡೆಯುವ ಕೋಟೋ ಜಾಕೆಟ್ಟೋ ಇದ್ದರೆ ಆಯಿತು.

ಈಗ ಬಣ್ಣಕ್ಕೆ ಬರೋಣ. ತುಂಬಾ ಜನ ಕೋಟಿನಿಂದ ಶುರು ಮಾಡಿ, ಇದಕ್ಕೆ ಏನು ಹೊಂದುತ್ತದೆ ಅಂತ ಹುಡುಕುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ನಾಲ್ಕೈದು ಬಣ್ಣ ಇರುವ ಒಂದೇ ಒಂದು ವಸ್ತು ಆರಿಸಿಕೊಳ್ಳಿ. ಸ್ಕಾರ್ಫ್ ಆದರೆ ಎಲ್ಲಕ್ಕಿಂತ ಸುಲಭ. ಅದನ್ನು ನೇಯ್ದವರು ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆ ಅಂತ ಆಗಲೇ ಕೂತು ಯೋಚಿಸಿದ್ದಾರೆ. ಆ ಕೆಲಸ ನಾವು ಮತ್ತೆ ಮಾಡಬೇಕಾಗಿಲ್ಲ.

ನನ್ನ ಹತ್ತಿರ ಒಂದು ಪಟ್ಟೆ ಸ್ಕಾರ್ಫ್ ಇದೆ. ನವಿಲು ನೀಲಿ ಅಗಲ ಪಟ್ಟೆ, ಪಕ್ಕದಲ್ಲಿ ಇಟ್ಟಿಗೆ ಕೆಂಪು, ಆಮೇಲೆ ಕೆನೆ ಬಣ್ಣ, ನಡುವೆ ಅಲ್ಲೊಂದು ಇಲ್ಲೊಂದು ಅರಿಶಿನ ಬಣ್ಣದ ಗೆರೆ, ಬೆರಳಿನಷ್ಟು ಅಗಲವೂ ಇಲ್ಲ. ಅದನ್ನು ಹಾಸಿಗೆಯ ಮೇಲೆ ಹರಡಿಕೊಂಡು ಅದರಲ್ಲಿ ಎಷ್ಟಿದೆಯೋ ಅಷ್ಟೇ ಅಳತೆಯಲ್ಲಿ ಮೈಮೇಲೂ ತರುತ್ತೇನೆ. ಸ್ವೆಟರ್ ನವಿಲು ನೀಲಿ, ಕಾರ್ಡುರಾಯ್ ಪ್ಯಾಂಟು ಇಟ್ಟಿಗೆ ಕೆಂಪು, ಟೋಪಿ ಕೆನೆ ಬಣ್ಣ, ಕಾಲುಚೀಲ, ಕೈಗವಸು ಮಾತ್ರ ಅರಿಶಿನ. ಒಮ್ಮೆ ಇದನ್ನೇ ತಿರುಗಿಸಿ ಅರಿಶಿನ ಸ್ವೆಟರ್ ಹಾಕಿದೆ. ಎಲ್ಲ ಬಣ್ಣಗಳೂ ಅವೇ ಇದ್ದರೂ ಸ್ಕಾರ್ಫ್ ಮಂಕಾಯಿತು, ಕಣ್ಣೆಲ್ಲ ಸ್ವೆಟರ್ ಮೇಲೇ ಹೋಗುತ್ತಿತ್ತು. ಯಾವ ಬಣ್ಣ ಅನ್ನುವಷ್ಟೇ ಮುಖ್ಯ, ಯಾವುದು ಎಷ್ಟು ಅನ್ನುವುದು.

ಚಿಕ್ಕದಾಗಿ ಬರುವ ಆ ಗಾಢ ಬಣ್ಣ ಎರಡು ಕಡೆ ಬರಲಿ, ಸ್ವಲ್ಪ ದೂರದೂರ. ಕಾಲುಚೀಲ ಅರಿಶಿನ ಆದರೆ ಕೈಗವಸೂ ಅರಿಶಿನ. ಒಂದೇ ಕಡೆ ಇದ್ದರೆ ಸಿಕ್ಕಿದ್ದನ್ನು ಹಾಕಿಕೊಂಡು ಬಂದ ಹಾಗೆ ಕಾಣುತ್ತದೆ, ಎರಡು ಕಡೆ ಇದ್ದರೆ ಬೇಕಂತಲೇ ಹಾಕಿದ್ದು ಅಂತ ಗೊತ್ತಾಗುತ್ತದೆ.

ಪಕ್ಕದ ಬಣ್ಣ ಎಷ್ಟು ಆಟ ಆಡಿಸುತ್ತದೆ ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. ಫ್ರಾನ್ಸ್‌ನ ಷೆವ್ರಲ್ ಅನ್ನುವ ರಸಾಯನ ವಿಜ್ಞಾನಿ 1824ರಲ್ಲಿ ಪ್ಯಾರಿಸ್‌ನ ಗೋಬಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾದರು. ಕಪ್ಪು ನೂಲು ಕಪ್ಪಾಗಿ ಕಾಣುತ್ತಿಲ್ಲ, ಬಣ್ಣ ಸರಿಯಿಲ್ಲ ಅಂತ ಅಲ್ಲಿ ದೂರು. ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ಏನೂ ತಪ್ಪಿಲ್ಲ. ನೀಲಿ, ನೇರಳೆ ನೂಲಿನ ಪಕ್ಕ ಇಟ್ಟಿದ್ದಕ್ಕೆ ಕಪ್ಪು ಸಪ್ಪೆಯಾಗಿ ಕಂಡಿತ್ತು. ಇದನ್ನೆಲ್ಲ ಅವರು 1839ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದರು.

ನಮ್ಮ ಮುಖಕ್ಕೂ ಹೀಗೇ ಆಗುತ್ತದೆ. ಕುತ್ತಿಗೆಯ ಹತ್ತಿರ ಬರುವ ಬಣ್ಣ ಮುಖವನ್ನು ಬೆಳಗಿಸಲೂಬಹುದು, ಬಾಡಿಸಲೂಬಹುದು. ಅದಕ್ಕೇ ಸ್ಕಾರ್ಫ್ ಕೊಳ್ಳುವಾಗ ಅಂಗಡಿಯ ಬಲ್ಬಿನ ಕೆಳಗೆ ನೋಡಿ ಸುಮ್ನೆ ತಂದುಬಿಡಬೇಡಿ. ಕಿಟಕಿ ಅಥವಾ ಬಾಗಿಲ ಹತ್ತಿರ ಹೋಗಿ, ಹಗಲಿನ ಬೆಳಕಿನಲ್ಲಿ ಗಲ್ಲದ ಕೆಳಗೆ ಹಿಡಿದು ನೋಡಿ. ಸ್ಕಾರ್ಫ್ ನೋಡಬೇಡಿ, ಮುಖ ನೋಡಿ. ಕಣ್ಣ ಕೆಳಗಿನ ಕಪ್ಪು ಜಾಸ್ತಿ ಕಂಡರೆ ಆ ಬಣ್ಣ ಕಾಲುಚೀಲಕ್ಕೆ ಸರಿ, ಕುತ್ತಿಗೆಗೆ ಬೇಡ.

ಬಣ್ಣಗಳನ್ನು ಚಕ್ರದ ಹಾಗೆ ಸುತ್ತ ಜೋಡಿಸಿದರೆ ಎದುರುಬದುರು ಬರುವ ಬಣ್ಣಗಳು, ಅಂದರೆ ಕೆಂಪು ಹಸಿರು, ನೀಲಿ ಕಿತ್ತಳೆ, ಹಳದಿ ನೇರಳೆ, ಒಂದನ್ನೊಂದು ಇನ್ನಷ್ಟು ಎತ್ತಿ ತೋರಿಸುತ್ತವೆ. ಎರಡೂ ಝಗಮಗಿಸುವ ಬಣ್ಣವಾದರೆ ಕಣ್ಣಿಗೆ ಹೊಡೆಯುತ್ತದೆ. ಒಂದನ್ನು ಕಡು ಮಾಡಿಕೊಳ್ಳಿ, ಬಾಟಲ್ ಗ್ರೀನ್ ಕೋಟಿನ ಮೇಲೆ ಕೆಂಪು ಟೋಪಿ ಎಷ್ಟು ಚೆಂದ! ಧೈರ್ಯ ಸಾಲದಿದ್ದರೆ ಅಕ್ಕಪಕ್ಕದ ಬಣ್ಣಗಳಿಂದ ಶುರು ಮಾಡಿ. ಮೆರೂನ್, ರಾಣಿ ಪಿಂಕ್, ಕಿತ್ತಳೆ ಮೂರನ್ನೂ ಒಟ್ಟಿಗೆ ಹಾಕಿದರೂ ಜಗಳ ಆಡುವುದಿಲ್ಲ.

ಬಣ್ಣವೇ ಬೆಚ್ಚಗಿಡುವ ಒಂದು ಬಟ್ಟೆಯೂ ಇದೆ, ನನಗೆ ಬಲು ಇಷ್ಟ. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ದ್ವೀಪಗಳಲ್ಲಿ ಫೇರ್ ಐಲ್ ಅಂತ ಒಂದು ಪುಟ್ಟ ದ್ವೀಪ. ಅಲ್ಲಿಯ ಹೆಣಿಗೆಯ ಸ್ವೆಟರ್ ನೋಡಿದರೆ ಏಳೆಂಟು ಬಣ್ಣ ಕಾಣುತ್ತದೆ, ಆದರೆ ಸಾಂಪ್ರದಾಯಿಕವಾಗಿ ಒಂದು ಸಾಲಿನಲ್ಲಿ ಬರುವುದು ಎರಡೇ ಬಣ್ಣ. ಸಾಲು ಬದಲಾದ ಹಾಗೆ ಬಣ್ಣ ಬದಲಾಗುತ್ತದೆ. ಆ ಥರದ ಸ್ವೆಟರ್ ಸಿಕ್ಕರೆ ಒಳಮಗ್ಗುಲು ತಿರುಗಿಸಿ ನೋಡಿ. ಮುಂದೆ ನೀಲಿ ಹೆಣೆಯುವಾಗ ಕೆಂಪು ನೂಲು ಹಿಂದೆ ಸಣ್ಣ ಸಣ್ಣ ಸೇತುವೆ ಹಾಗೆ ಹಾದು ಹೋಗಿರುತ್ತದೆ. ಅಂದರೆ ಬಣ್ಣ ಬದಲಿಸಿದ ಕಡೆಯೆಲ್ಲ ಬಟ್ಟೆ ಎರಡು ಪದರ. ಹಾಕುವಾಗ ಬೆರಳು ಆ ನೂಲಿಗೆ ಸಿಕ್ಕಿಕೊಳ್ಳದ ಹಾಗೆ ಮಾತ್ರ ನೋಡಿಕೊಳ್ಳಿ.

ಕಪ್ಪು ಕೋಟು ಆಗಲೇ ಇದೆ ಅಂದರೆ ಇರಲಿ, ಅದಕ್ಕಾಗಿ ಹೊಸದು ಬೇಡ. ಕುತ್ತಿಗೆ, ಮಣಿಕಟ್ಟು, ಕಾಲಗಂಟು, ಈ ಮೂರು ಅಂಚಿನಲ್ಲಿ ಬಣ್ಣ ಇಣುಕಿದರೆ ಸಾಕು. ಆದರೆ ಒಳಗೆ ಬಂದು ಕೋಟು ತೆಗೆದ ಮೇಲೆ ದಿನವೆಲ್ಲ ಕಾಣುವುದು ಸ್ವೆಟರ್. ಹೊರಗಿನದಕ್ಕೇ ದುಡ್ಡೆಲ್ಲ ಸುರಿದು ಒಳಗೆ ಮಾಸಿದ್ದು ಹಾಕಿಕೊಳ್ಳುವುದು ಬೇಡ. ಒಂದೊಂದೇ ತೆಗೆಯುತ್ತಾ ಹೋದಾಗ ಕೆಳಗೆ ಏನು ಕಾಣುತ್ತದೆ ಅಂತ ಮನೆಯಲ್ಲೇ ಒಮ್ಮೆ ತೆಗೆದು ನೋಡಿ.

ಒಗೆಯುವಾಗ ಎಚ್ಚರ. ಹೊಸ ಕೆಂಪು, ಮೆರೂನ್ ಬಟ್ಟೆ ಮೊದಲ ಎರಡು ಮೂರು ಸಲ ಬೇರೆಯೇ ಒಗೆಯಿರಿ. ಉಣ್ಣೆಗೆ ತಣ್ಣೀರು ಅಥವಾ ಹೆಚ್ಚೆಂದರೆ 30 ಡಿಗ್ರಿ, ಉಜ್ಜಬಾರದು, ಹಿಂಡಬಾರದು. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸ್ವೆಟರ್ ಕುಗ್ಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ನೀರು ತೆಗೆಯಲು ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ನೆರಳಲ್ಲಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ಜೋಲುತ್ತದೆ.

ತೂತು ಬಿದ್ದರೆ ಅದೇ ಬಣ್ಣದ ನೂಲು ಹುಡುಕುತ್ತಾ ಅಲೆಯಬೇಡಿ. ನನ್ನ ಬೂದು ಸ್ವೆಟರ್‌ನ ಮೊಣಕೈ ಹರಿದಾಗ ಕಿತ್ತಳೆ ಉಣ್ಣೆಯಲ್ಲೇ ರಫು ಮಾಡಿದೆ. ಮೊದಲು ಉದ್ದಕ್ಕೆ ಎಳೆ ಹಾಕಿ, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ, ಚಾಪೆ ಹೆಣೆದ ಹಾಗೆ. ಈಗ ಆ ಸ್ವೆಟರ್ ಜೊತೆ ಕಿತ್ತಳೆ ಟೋಪಿ ಹಾಕುತ್ತೇನೆ.