ಅವ್ವನಿಗೆ ಹೇಳೋದು ಹೇಗೆ?

ಕಲಬುರಗಿ ಬಿಸಿಲು ಗೊತ್ತಲ್ಲ. 40 ಡಿಗ್ರಿಯಲ್ಲಿ ಬಿಗಿ ಜೀನ್ಸ್ ಹಾಕಿಕೊಂಡು ಟ್ಯೂಷನ್‌ಗೆ ಓಡಾಡಿದರೆ ತೊಡೆಸಂದಿಯಲ್ಲಿ ತುರಿಕೆ ಬರದೆ ಇನ್ನೇನು? ಹತ್ತನೇ ತರಗತಿಯಲ್ಲಿ ನನಗೂ ಬಂತು. ಮನೆಯಲ್ಲಿ ಹೇಳಲಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಪಿಸುಗುಟ್ಟಿ ಒಂದು ಟ್ಯೂಬ್ ತಂದೆ. ನಾಲ್ಕು ದಿನ ಆರಾಮ, ಆಮೇಲೆ ಗಜಕರ್ಣ ಹೊಟ್ಟೆತನಕ ಹಬ್ಬಿತು. ಅದರಲ್ಲಿದ್ದದ್ದು ಸ್ಟಿರಾಯ್ಡ್. ತುರಿಕೆ ತಗ್ಗುತ್ತದೆ, ಫಂಗಸ್ ಮಾತ್ರ ಸೊಂಪಾಗಿ ಬೆಳೆಯುತ್ತದೆ.

ಹೀಗೆ ಹೇಳಲು ನಾಚಿಕೆಯಾಗುವ ತೊಂದರೆ ನಿಮಗೂ ಬಂದರೆ, ಮೊದಲು ಯಾರಿಗೆ ಹೇಳಬೇಕು ಅಂತ ನೋಡಿಕೊಳ್ಳಿ. ಅವ್ವ, ಅಪ್ಪನೇ ಆಗಬೇಕೆಂದಿಲ್ಲ. ಅಕ್ಕ, ಕಾಕು, ಮಾಮಾ ಯಾರಾದರೂ ಸರಿ. ಕೇಳಿ ನಗಬಾರದು, ಊರಿಗೆಲ್ಲ ಹೇಳಬಾರದು, ಅಷ್ಟೇ.

ಆಮೇಲೆ ಹೊತ್ತು. ಮುಖ ನೋಡಿಕೊಂಡು ಹೇಳುವುದೇ ಕಷ್ಟ ಅಲ್ವಾ? ಹಾಗಾದರೆ ಅವ್ವ ರೊಟ್ಟಿ ಬಡಿಯುವಾಗ ಹೋಗಿ. ಕೈ ಹಿಟ್ಟಿನಲ್ಲಿ, ಕಣ್ಣು ಹಂಚಿನ ಮೇಲೆ. ಬಾಗಿಲಿಗೆ ಒರಗಿ ನಿಂತು ಹೇಳಿಬಿಡಬಹುದು. ಅಪ್ಪನಿಗಾದರೆ ಶರಣಬಸವೇಶ್ವರ ಕೆರೆಯ ಕಡೆ ವಾಕಿಂಗ್ ಹೋದಾಗ. ಬೈಕಿನ ಹಿಂದೆ ಕೂತು ಮಾತ್ರ ಬೇಡ. ‘ಏನಂದಿ?’ ಅಂತ ಅಪ್ಪ ಮೂರು ಸಲ ಕೇಳಿದರೆ ಸೂಪರ್ ಮಾರ್ಕೆಟ್‌ಗೆಲ್ಲ ಕೇಳಿಸುತ್ತದೆ.

ಇನ್ನು ಮೊದಲ ಮಾತು. ಇದನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ: ‘ಅವ್ವಾ, ಒಂದು ಮಾತು ಹೇಳಬೇಕು. ನಾಚಿಕಿ ಬರ್ಲಿಕತ್ತದ, ಬೈಬ್ಯಾಡ.’ ಇಷ್ಟು ಬಾಯಿಂದ ಬಿದ್ದರೆ ಮುಂದಿನದು ತಾನಾಗಿ ಬರುತ್ತದೆ. ಆದರೆ ಸುತ್ತಿ ಬಳಸಿ ಹೇಳಬೇಡಿ. ಎಲ್ಲಿ, ಏನು, ಎಷ್ಟು ದಿನದಿಂದ ಅಂತ ಬಿಚ್ಚಿ ಹೇಳಿ. ಮುಟ್ಟಿನ ನೋವನ್ನು ಸುಮ್ನೆ ‘ಹೊಟ್ಟಿ ನೋವು’ ಅಂದರೆ ಅಜವಾನ ತಿನ್ನಿಸಿ ಮಲಗಿಸುತ್ತಾರೆ. ಬಾಯೇ ಬರದಿದ್ದರೆ ಚೀಟಿ ಬರೆಯಿರಿ. ವಾಟ್ಸಾಪ್ ಬೇಡ, ಮನೆಯ ಫೋನ್ ತಮ್ಮನ ಕೈಯಲ್ಲೇ ಇರುತ್ತದೆ.

ಕೆಲವಕ್ಕೆ ಹೊತ್ತು ನೋಡುತ್ತಾ ಕೂರುವಂತಿಲ್ಲ. ಹುಡುಗರಿಗೆ ಬೀಜದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ರಾತ್ರಿ ಎರಡಾದರೂ ಎಬ್ಬಿಸಿ. ತಿರುಚಿಕೊಂಡಿದ್ದರೆ 6 ತಾಸಿನೊಳಗೆ ಆಪರೇಷನ್ ಆಗಬೇಕು. ಹುಡುಗಿಯರಿಗೆ ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ಅಂದೇ ಹೇಳಿ. 7 ದಿನ ದಾಟಿದರೂ ಸ್ರಾವ ನಿಲ್ಲದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ. ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೆ, ತಪ್ಪು ನಿಮ್ಮದಲ್ಲ. ಮನೆಯಲ್ಲಿ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇಷ್ಟು ಅವಸರವಿಲ್ಲದ ತೊಂದರೆಗೆ ಮನೆಯವರು ‘ಎಲ್ಲರಿಗೂ ಆಗ್ತದ, ಸುಮ್ನಿರು’ ಅಂದರೆ? ಎರಡು ದಿನ ಬಿಟ್ಟು ಮತ್ತೆ ಕೇಳಿ. ಆಗಲೂ ಅವರು ಕಿವಿಗೊಡದಿದ್ದರೆ ಆಶಾ ಕಾರ್ಯಕರ್ತೆ ಅಕ್ಕನನ್ನು ಹಿಡಿಯಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ದುಡ್ಡು ಕೊಡಬೇಕಿಲ್ಲ.

ನಾನು ಹೇಳಿದ ದಿನ ಅವ್ವ ತಿರುಗಿಯೂ ನೋಡಲಿಲ್ಲ. ರೊಟ್ಟಿ ಮಗುಚಿ ಹಾಕಿ, ‘ನಿಮ್ಮಪ್ಪಗೂ ಆಗಿತ್ತು. ನಾಳಿ ದವಾಖಾನಿಗೆ ಹೋಗೋಣ’ ಅಂದಳು.