ದಬ್ಬಣ, ಅಯಸ್ಕಾಂತ, ಮೂರು ಕೊಡ ನೀರು

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೊರಟಾಗ ನನ್ನ ಚೀಲದಲ್ಲಿದ್ದದ್ದು ಮೂರೇ ಸಾಮಾನು: ಅಡಿಕೆ ಚೀಲ ಹೊಲಿಯುವ ದಬ್ಬಣ, ಹಾಳಾದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ಟಾರ್ಚು. ಕೊಳ್ಳುವ ಮೊದಲು ನೋಡಬೇಕಿದ್ದದ್ದು ಮಲಗಿ ತಿರುಗಾಡುವಂತೆ ಮಾಡಿದ ಹಳೆಯ ಮಾರುತಿ ಓಮ್ನಿ ವ್ಯಾನು. ಒಳಗೆ ಪ್ಲೈವುಡ್ಡಿನ ಮಂಚ, ಗ್ಯಾಸ್ ಒಲೆ. ಮೇಲಿನ ಕ್ಯಾರಿಯರಿನಲ್ಲಿ ಮಡಚಿಡುವ ಡೇರೆ. ಚಾವಣಿಯನ್ನೇ ಕೊಯ್ದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ನೋಂದಣಿ ಪತ್ರಕ್ಕೂ (ಆರ್‌ಸಿ) ಗಾಡಿಗೂ ತಾಳೆಯಾಗದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ.

ಮಾಲೀಕರು ಒಳಗೆ ಊದುಬತ್ತಿ ಹಚ್ಚಿಟ್ಟಿದ್ದರು. ಭಕ್ತಿಯೋ, ಮುಗ್ಗಲು ವಾಸನೆ ಅಡಗಿಸುವ ಉಪಾಯವೋ ಎಂದು ಕೇಳಲಿಲ್ಲ. ಒಂದು ಕೊಡ ಮತ್ತು ನೀರು ಕೇಳಿದೆ.

"ಮಾರಾಯರೇ, ತೊಳೆದೇ ಇಟ್ಟಿದ್ದೇನಲ್ಲ!"

ಇಂಥ ಗಾಡಿಯನ್ನು ಜುಲೈ ತಿಂಗಳಲ್ಲಿಯೇ ನೋಡಬೇಕು. ನಾನು ಹೋದದ್ದು ಡಿಸೆಂಬರಿನಲ್ಲಿ, ಹಾಗಾಗಿ ಮಳೆಯನ್ನು ನಾನೇ ಸುರಿಸಬೇಕಾಯಿತು. ಸುರಿದದ್ದು ಡೇರೆಯ ಮೇಲಲ್ಲ, ಚಾವಣಿಯ ಅಂಚಿನ ನೀರುಗಾಲುವೆಗೆ. ಕ್ಯಾರಿಯರಿನ ಕಾಲುಗಳು ಕಚ್ಚಿ ಹಿಡಿಯುವುದು ಅದನ್ನೇ. ಡೇರೆಯ ಭಾರಕ್ಕೆ ಅಲುಗಾಡಿ ಬಣ್ಣ ಕಿತ್ತುಹೋದ ಕಡೆ ಕಡಲಿನ ಉಪ್ಪುಗಾಳಿ ಸುಮ್ಮನೆ ಬಿಡುತ್ತದೆಯೇ? ಮೂರನೆಯ ಕೊಡ ಮುಗಿದು ಹತ್ತು ನಿಮಿಷಕ್ಕೆ ಹಿಂಬದಿಯ ಎಡ ಮೂಲೆಯಲ್ಲಿ, ಒಳಗಿನ ಬಟ್ಟೆಯ ಮೇಲೆ, ಅಂಗೈಯಗಲ ಒದ್ದೆ ಮೂಡಿತು.

ನೀರು ಅಲ್ಲಿ ಇಳಿದರೆ ಮುಂದೆ ಎಲ್ಲಿಗೆ ಹೋಗಬೇಕು? ಹಾಸಿಗೆ ಎತ್ತಿದೆ. ಮಂಚದ ಮೇಲ್ಮೈಗೆ ಹೊಸ ವಾರ್ನಿಷು, ಬಹಳ ಚೆಂದ. ಅಡಿಯಂಚಿಗೆ ದಬ್ಬಣ ಒತ್ತಿದರೆ ಬಕ್ಕೆ ಹಲಸಿಗಲ್ಲ, ಅಂಬಲಿ ಹಲಸಿಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು. ಮಾಲೀಕರು ತಾವೇ ಒಮ್ಮೆ ಚುಚ್ಚಿ ನೋಡಿ ಸುಮ್ಮನಾದರು.

ಜಾರುವ ಬಾಗಿಲಿನ ಕೆಳಹಳಿಯ ಪಕ್ಕ ಅಯಸ್ಕಾಂತ ಒಂದು ಗೇಣು ದೂರ ಅಂಟಲೇ ಇಲ್ಲ. ಅಲ್ಲಿರುವುದು ತಗಡಲ್ಲ, ಪುಟ್ಟಿ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 1416, ಅಂದರೆ 2016ರ 14ನೇ ವಾರದ್ದು. ಗೀರುಗಳು ಆಳವಾಗಿದ್ದರೂ ಅದನ್ನು ನಂಬುವಂತಿಲ್ಲ. ಗ್ಯಾಸ್ ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಏಳಲಿಲ್ಲ. ಎಂಜಿನ್ ನೋಡಲು ಪರಿಚಯದ ಮೆಕ್ಯಾನಿಕ್ ಬಂದಿದ್ದರು, ನಾನು ತಲೆ ಹಾಕಲಿಲ್ಲ.

ಡೇರೆಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಒಳಗೆ ಕುಳಿತು ಎಲ್ಲ ಕಿಟಕಿ ಮುಚ್ಚಿಸಿದೆ. ಬಟ್ಟೆ ಗಟ್ಟಿಯಿತ್ತು. ಮಡಿಕೆಗಳಲ್ಲಿ ಮಾತ್ರ ಕಪ್ಪು ಬೂಷ್ಟು, ಒದ್ದೆಯಿದ್ದಾಗಲೇ ಮಡಚಿಟ್ಟಿದ್ದಾರೆ. ಹೊಲಿಗೆಯೊಂದರಲ್ಲಿ ಬೆಳಕಿನ ನಾಲ್ಕೈದು ಚುಕ್ಕೆ. ಬಾಗಿಲಿನ ಜಿಪ್ಪು ಉಪ್ಪು ಹಿಡಿದು ಕಲ್ಲಾಗಿತ್ತು.

ಅವರು ಹೇಳಿದ್ದು 1,60,000 ರೂಪಾಯಿ. ಒದ್ದೆ ಮೂಲೆ ನೋಡಿದ ಮೇಲೆ ಚೌಕಾಶಿಗೆ ನಾನು ಹೆಚ್ಚು ಬಾಯಿ ಬಿಡಬೇಕಾಗಲಿಲ್ಲ, 35,000 ಇಳಿಸಿದರು. ಗಾಡಿಯ ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡೆ.

ಶಿರಸಿಗೆ ಬಂದ ಮೇಲೆ ಮಂಚ ಬಚ್ಚಲ ಒಲೆಗೆ ಹೋಯಿತು. ನೀರುಗಾಲುವೆಯ ತುಕ್ಕು ಕೆರೆಸಿ ರೆಡ್ ಆಕ್ಸೈಡ್ ಬಳಿಸಿದ್ದೇನೆ. ಜಿಪ್ಪಿಗೆ ದಿನವೂ ಮೇಣದಬತ್ತಿ ಉಜ್ಜುತ್ತಿದ್ದೇನೆ, ಈಗ ಅರ್ಧದವರೆಗೆ ಬರುತ್ತದೆ.